ಈಜು ಬರಲ್ಲ, ಆದ್ರೂ ಹವಳ ನೋಡ್ಬಹುದಾ? ಮನೆಮಂದಿ ಜೊತೆ ನೇತ್ರಾಣಿಗೆ ಹೋಗೋ ಮುಂಚೆ

(ಈ ವಾರದ ಎಪಿಸೋಡ್‌ನ ಬರಹ ರೂಪ)

ಕದರಮಂಡಲಗಿಯಿಂದ ಮಾತಾಡ್ತಿದ್ದೀನಿ. ಕಾಂತೇಶನ ಊರು, ಸುತ್ತ ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ ಹೊಲ. ಸಮುದ್ರ ನೋಡ್ಬೇಕಂದ್ರೆ ಹಾವೇರಿ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ಸೇರಬೇಕು. ಆದ್ರೂ ರಜೆ ಬಂತಂದ್ರೆ ನಮ್ಮ ಕಡೆಯ ಗಾಡಿಗಳೆಲ್ಲ ಮುರುಡೇಶ್ವರದ ಹಾದಿ ಹಿಡಿತಾವೆ. ಪುನೀತ್ ರಾಜ್‌ಕುಮಾರ್ ಅವರ 'ಗಂಧದ ಗುಡಿ' 2022ರಲ್ಲಿ ಬಂದ ಮೇಲಂತೂ ಎಲ್ಲರ ಬಾಯಲ್ಲೂ ನೇತ್ರಾಣಿ. ಮನೆಯಲ್ಲಿ ಮಾತು ತೆಗೆದ್ರೆ ಅವ್ವ ಕೇಳೋದು ಒಂದೇ: "ನನಗ ಈಜು ಬರಂಗಿಲ್ಲ, ನಾನ್ಯಾಕ ಬರ್ಲಿ?" ಇವತ್ತಿನ ಎಪಿಸೋಡ್ ಆ ಪ್ರಶ್ನೆಗೆ ಉತ್ತರ.

ನೇತ್ರಾಣಿ ಅಂದ್ರೆ ಏನು?

ಮುರುಡೇಶ್ವರ ತೀರದಿಂದ ಸುಮಾರು 19 ಕಿ.ಮೀ. ದೂರ, ಅರಬ್ಬಿ ಸಮುದ್ರದಲ್ಲಿರೋ ಪುಟ್ಟ ದ್ವೀಪ. ಪಾರಿವಾಳ ದ್ವೀಪ ಅಂತಲೂ ಕರೀತಾರೆ. ಬಿಳಿಹೊಟ್ಟೆಯ ಕಡಲ ಹದ್ದಿನ ನೆಲೆ. ಒಂದು ಕಾಲಕ್ಕೆ ನೌಕಾಪಡೆ ಇದನ್ನ ಗುರಿ ಅಭ್ಯಾಸಕ್ಕೆ ಬಳಸ್ತಿತ್ತು, ಪರಿಸರದವರು ಅದನ್ನ ವಿರೋಧಿಸಿದ್ರು. ದೋಣಿಯಲ್ಲಿ ಗಂಟೆಗಿಂತ ಹೆಚ್ಚಿನ ದಾರಿ. ದ್ವೀಪದ ಮೇಲೆ ಹತ್ತಿಸಲ್ಲ, ಹತ್ತಿರ ಲಂಗರು ಹಾಕಿ ನೀರಿಗಿಳಿಸ್ತಾರೆ. ಮಳೆಗಾಲದಲ್ಲಿ ಬಂದ್. ಅಕ್ಟೋಬರ್ ನಂತರ ಶುರು, ಡಿಸೆಂಬರ್ ಜನವರಿಯಲ್ಲಿ ನೀರು ತಿಳಿ.

ಸ್ಕೂಬಾ ಬೇರೆ, ಸ್ನಾರ್ಕೆಲಿಂಗ್ ಬೇರೆ

ಸ್ಕೂಬಾದಲ್ಲಿ ಬೆನ್ನಿಗೆ ಸಿಲಿಂಡರ್, ನೀರಿನೊಳಗೆ ಮುಳುಗ್ತೀರಿ. ಸ್ನಾರ್ಕೆಲಿಂಗ್‌ನಲ್ಲಿ ಮುಳುಗೋದೇ ಇಲ್ಲ. ಲೈಫ್ ಜಾಕೆಟ್ ಹಾಕ್ಕೊಂಡು, ಬೋರಲಾಗಿ ತೇಲ್ತಾ, ಕನ್ನಡಕ ಇಟ್ಟು ಕೆಳಗೆ ನೋಡೋದು. ಉಸಿರಾಟ ಬಾಯಲ್ಲಿರೋ ಕೊಳವೆಯಿಂದ. ನಮ್ಮ ಊರ ಹುಡುಗರು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲೀತಾರಲ್ಲ, ಜಾಕೆಟ್ ಮಾಡೋದೂ ಅದೇ ಕೆಲಸ. ಮೇಲಾಗಿ ಉಪ್ಪುನೀರು ಸಿಹಿನೀರಿಗಿಂತ ಸ್ವಲ್ಪ ಭಾರ, ಹಾಗಾಗಿ ಮೈ ಇನ್ನೂ ಸುಲಭವಾಗಿ ತೇಲುತ್ತೆ. ಅಂದ್ರೆ ಅವ್ವನೂ ಹೋಗಬಹುದು. ಆದ್ರೆ ಹೃದಯದ ತೊಂದರೆ, ಅಸ್ತಮಾ, ಬಿ.ಪಿ. ಇದ್ರೆ ಮೊದಲು ಡಾಕ್ಟರ್‌ನ ಕೇಳಿ.

"ಕೊಳವೆ ಇನ್ನೂ ಉದ್ದ ಇದ್ರೆ ಇನ್ನೂ ಆಳಕ್ಕೆ ಹೋಗಬಹುದಲ್ವಾ?" ಆಗಲ್ಲ. ಒಂದು ಮೀಟರ್ ಕೆಳಗೆ ಹೋದ್ರೆ ಒತ್ತಡ ಸುಮಾರು ಶೇ. 10ರಷ್ಟು ಏರುತ್ತೆ. ಅಷ್ಟು ಭಾರ ಎದೆಯನ್ನ ಒತ್ತಿದಾಗ ಮೇಲಿನ ಗಾಳಿ ಎಳೆಯೋ ಶಕ್ತಿ ನಮ್ಮ ಸ್ನಾಯುಗಳಿಗಿಲ್ಲ. ಜೊತೆಗೆ ಬಿಟ್ಟ ಉಸಿರು ಉದ್ದ ಕೊಳವೆಯಲ್ಲೇ ಉಳಿದು, ಅದನ್ನೇ ಮತ್ತೆ ಎಳೀತೀರಿ. ಅದಕ್ಕೇ ಕೊಳವೆ ಗಿಡ್ಡ.

ಕನ್ನಡಕ ಯಾಕೆ? ನಮ್ಮ ಕಣ್ಣಿಗೆ ಮುಂದೆ ಗಾಳಿ ಇದ್ರೆ ಮಾತ್ರ ನೋಟ ಚೊಕ್ಕ. ಗಾಜಿನ ಹಿಂದಿನ ಗಾಳಿ ಆ ಕೆಲಸ ಮಾಡುತ್ತೆ. ಆದ್ರೆ ವಸ್ತುಗಳು ಇರೋದಕ್ಕಿಂತ ಮೂರನೇ ಒಂದು ಭಾಗ ದೊಡ್ಡದಾಗಿ ಕಾಣ್ತಾವೆ. "ಇಷ್ಟು ದೊಡ್ಡ ಮೀನು" ಅಂದವರ ಮಾತಲ್ಲಿ ಸ್ವಲ್ಪ ಕಡಿತ ಮಾಡ್ಕೊಳ್ಳಿ. ಇನ್ನೊಂದು: ನೀರು ಮೊದಲು ನುಂಗೋದು ಕೆಂಪು ಬಣ್ಣವನ್ನ. ಬ್ಯಾಡಗಿ ಮೆಣಸಿನಕಾಯಿಯನ್ನ ಹತ್ತು ಮೀಟರ್ ಕೆಳಗೆ ಒಯ್ದರೆ ಅದರ ಕೆಂಪು ಹೋಗಿ ಮಂಕು ಕಂದು ಕಾಣುತ್ತೆ. ಫೋಟೊಗಳೆಲ್ಲ ನೀಲಿ ಬರೋದು ಇದಕ್ಕೇ.

ಹವಳ ಒಂದು ಪಾರ್ಟ್‌ನರ್‌ಶಿಪ್ ಫರ್ಮ್

ಹವಳ ಕಲ್ಲಲ್ಲ, ಗಿಡ ಅಲ್ಲ, ಪ್ರಾಣಿ. ಸಣ್ಣ ಸಣ್ಣ ಜೀವಿಗಳ ಕಾಲೊನಿ. ಅವುಗಳ ಮೈಯೊಳಗೆ ಪಾಚಿ ಬಾಡಿಗೆಗಿದೆ. ಪಾಚಿ ಬಿಸಿಲಿನಿಂದ ಊಟ ತಯಾರಿಸಿ ಹವಳದ ಶಕ್ತಿಯ ದೊಡ್ಡ ಪಾಲು ಕೊಡುತ್ತೆ, ಹವಳ ಅದಕ್ಕೆ ಮನೆ ಕೊಡುತ್ತೆ. ಬಿ.ಕಾಂ. ಓದಿದವನಾಗಿ ಹೇಳ್ತೀನಿ, ಇಷ್ಟು ಕ್ಲೀನ್ ಲಾಭ ಹಂಚಿಕೆ ನಾನು ಪುಸ್ತಕದಲ್ಲೂ ನೋಡಿಲ್ಲ.

ಆದ್ರೆ ಬೇಸಿಗೆಯ ಗರಿಷ್ಠಕ್ಕಿಂತ ಬರೀ 1 ಡಿಗ್ರಿ ಹೆಚ್ಚು ಶಾಖ ಕೆಲವು ವಾರ ನಿಂತರೆ ಹವಳ ಆ ಪಾಚಿಯನ್ನ ಹೊರಹಾಕುತ್ತೆ. ಬಣ್ಣ ಹೋಗಿ ಬೆಳ್ಳಗಾಗುತ್ತೆ, ಹಸಿಯುತ್ತೆ. ಶಾಖ ಬೇಗ ಇಳಿಯದಿದ್ರೆ ಸಾಯುತ್ತೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಜಗತ್ತಿನಾದ್ಯಂತ ನಾಲ್ಕನೇ ಸಲ ಇಂಥ ಬಿಳಿಚುವಿಕೆ ನಡೀತಿದೆ ಅಂತ ಘೋಷಿಸಿದ್ರು. ಆ ವರ್ಷ ನಮ್ಮ ಪಕ್ಕದ ಲಕ್ಷದ್ವೀಪದ ಹವಳಕ್ಕೂ ಜೋರು ಪೆಟ್ಟು ಬಿತ್ತು.

ಈಗ ನಮ್ಮ ಕೈಯಲ್ಲಿರೋದು. ಉಂಡೆಯಾಗಿ ಬೆಳೆಯೋ ಹವಳ ವರ್ಷಕ್ಕೆ ಹೆಚ್ಚಂದ್ರೆ ಒಂದೆರಡು ಸೆಂ.ಮೀ. ಏರುತ್ತೆ. ಒಂದು ಕಾಲು ಒದೆತಕ್ಕೆ ಮುರಿದದ್ದು ನಿಮ್ಮ ಮಗಳು ಕಾಲೇಜು ಮುಗಿಸೋ ಹೊತ್ತಿಗೂ ಮರಳಿ ಬಂದಿರಲ್ಲ. ಹಾಗಾಗಿ ಹವಳದ ಮೇಲೆ ನಿಲ್ಲಬೇಡಿ, ಮುಟ್ಟಬೇಡಿ, ತುಂಡು ತರಬೇಡಿ. ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರೋ ಪಟ್ಟಿ ಅದು. ಸನ್‌ಸ್ಕ್ರೀನ್ ಬದಲು ತುಂಬು ತೋಳಿನ ಟೀ ಶರ್ಟ್ ಹಾಕಿ. ಹವಳಕ್ಕೆ ಹಾನಿ ಅಂತಲೇ ಹವಾಯಿಯಲ್ಲಿ ಆಕ್ಸಿಬೆಂಝೋನ್ ಇರೋ ಸನ್‌ಸ್ಕ್ರೀನ್ ಮಾರಾಟವನ್ನ 2021ರಿಂದ ನಿಲ್ಲಿಸಿದ್ದಾರೆ.

ನಿಜವಾದ ಅಪಾಯ ದಡದಲ್ಲಿ

ಇದನ್ನ ಗಮನ ಇಟ್ಟು ಕೇಳಿ. ನೇತ್ರಾಣಿಯಲ್ಲಿ ಜಾಕೆಟ್ ಇರುತ್ತೆ, ಗೈಡ್ ಇರ್ತಾರೆ. ಸಂಜೆ ತೀರಕ್ಕೆ ಬಂದ ಮೇಲೆ ಎರಡೂ ಇರಲ್ಲ, ಧೈರ್ಯ ಮಾತ್ರ ಹೆಚ್ಚಾಗಿರುತ್ತೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರ ತೀರದಲ್ಲೇ ನೀರುಪಾಲಾದ್ರು. ಅವರೂ ನಮ್ಮ ಹಾಗೆ ಬಯಲುಸೀಮೆಯ ಮಕ್ಕಳು.

ಕೆರೆ, ಬಾವಿಯ ನೀರು ನಿಂತಲ್ಲೇ ಇರುತ್ತೆ. ಸಮುದ್ರದಲ್ಲಿ ದಡಕ್ಕೆ ಬಂದ ನೀರು ಕೆಲವು ಕಡೆ ಕಿರಿದಾದ ಹಾದಿ ಮಾಡ್ಕೊಂಡು ಜೋರಾಗಿ ಒಳಕ್ಕೆ ಹರಿಯುತ್ತೆ. ಅಲ್ಲಿ ಅಲೆ ಕಮ್ಮಿ ಕಾಣೋದ್ರಿಂದ ಅದೇ ಸುರಕ್ಷಿತ ಜಾಗ ಅನ್ಸುತ್ತೆ. ಸಿಕ್ಕಿಬಿದ್ರೆ ದಡದ ಕಡೆ ಎದುರು ಈಜಬೇಡಿ, ಸುಸ್ತಾಗ್ತೀರಿ. ತೇಲ್ತಾ ಕೈ ಎತ್ತಿ, ಪಕ್ಕಕ್ಕೆ, ದಡಕ್ಕೆ ಸಮಾನಾಂತರವಾಗಿ ಸರಿಯಿರಿ. ಈಜು ಬರದವರು ಮೊಣಕಾಲಿನ ಮೇಲೆ ನೀರು ಬರೋಕೆ ಬಿಡ್ಬೇಡಿ. ಕೆಂಪು ಬಾವುಟ ಇದ್ರೆ ಕಾಲು ಕೂಡ ಇಡಬೇಡಿ.

ದುಡ್ಡು ಕೊಡೋ ಮುಂಚೆ

ಬುಕ್ ಮಾಡುವಾಗ ನಾಲ್ಕು ಪ್ರಶ್ನೆ ಕೇಳಿ. ಮಕ್ಕಳ ಅಳತೆಯ ಜಾಕೆಟ್ ಇದೆಯಾ? ಒಬ್ಬ ಗೈಡ್‌ಗೆ ಎಷ್ಟು ಜನ? ದೋಣಿಯಲ್ಲಿ ಆಮ್ಲಜನಕ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇದೆಯಾ? ಹವಾಮಾನ ಕೆಟ್ಟು ಟ್ರಿಪ್ ರದ್ದಾದ್ರೆ ದುಡ್ಡು ವಾಪಸ್ಸಾ? ಉತ್ತರ ತಡವರಿಸಿದ್ರೆ ಬೇರೆಯವರನ್ನ ನೋಡಿ.

ಆ ಬೆಳಿಗ್ಗೆ ಮಿರ್ಚಿ, ಮಂಡಕ್ಕಿ ಬೇಡ, ಇಡ್ಲಿ ಸಾಕು. ವಾಂತಿ ಆಗೋರು ಡಾಕ್ಟರ್ ಹೇಳಿದ ಮಾತ್ರೆಯನ್ನ ದೋಣಿ ಹತ್ತೋ ಮುಂಚೆಯೇ ತಗೊಳ್ಳಿ. ಹಿಂದಿನ ದಿನ ಲಾಡ್ಜ್‌ನ ಬಕೆಟ್ ನೀರಲ್ಲಿ ಮುಖ ಅದ್ದಿ, ಗಾಬರಿ ಆಗದೆ ನಿಧಾನಕ್ಕೆ ಉಸಿರು ಹಿಡಿದು ಬಿಡೋದು ರೂಢಿ ಮಾಡ್ಕೊಳ್ಳಿ. ನೀರಲ್ಲಿ ಇಬ್ಬಿಬ್ಬರೇ ಜೋಡಿಯಾಗಿರಿ, ಒಬ್ಬರ ಮೇಲೆ ಒಬ್ಬರ ಕಣ್ಣಿರಲಿ.

ಈ ಎಪಿಸೋಡನ್ನ ನಿಮ್ಮ ಫ್ಯಾಮಿಲಿ ಗ್ರೂಪ್‌ಗೆ ಹಾಕಿ, ಮುಖ್ಯವಾಗಿ ಗಾಡಿ ಬುಕ್ ಮಾಡೋ ಮಾಮನಿಗೆ ಕಳಿಸಿ. ಮುಂದಿನ ವಾರ ಸಿಗೋಣ.