ನಾಲಗೆಯ ಕೆಳಗಣ ಗುಳಿಗೆ: ಬಿ-12 ಜೀವಸತ್ವವನ್ನು ಕುರಿತು

ಔಷಧವನ್ನು ನುಂಗದೆ ನಾಲಗೆಯ ಕೆಳಗಿರಿಸಿ ಕರಗಿಸಿಕೊಳ್ಳುವ ಕ್ರಮ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಹೃದಯಶೂಲೆಯುಳ್ಳವರು ನೈಟ್ರೋಗ್ಲಿಸರಿನ್ ಗುಳಿಗೆಯನ್ನು ಬಹುಕಾಲದಿಂದ ಹೀಗೆಯೇ ಬಳಸುತ್ತಿದ್ದಾರೆ. ಅಲ್ಲಿಯ ಪೊರೆ ತೆಳುವಾದುದು. ಅದರಡಿಯಲ್ಲಿ ರಕ್ತನಾಳಗಳು ದಟ್ಟವಾಗಿವೆ. ಆದುದರಿಂದ ಔಷಧವು ಜಠರವನ್ನೂ ಯಕೃತ್ತನ್ನೂ ಹಾಯದೆ ನೇರವಾಗಿ ರಕ್ತವನ್ನು ಸೇರುತ್ತದೆ. ಬಿ-12 ಜೀವಸತ್ವದ ಗುಳಿಗೆಗಳೂ ಈಗ ಇದೇ ರೂಪದಲ್ಲಿ ದೊರೆಯುತ್ತಿವೆ. ನುಂಗುವುದಕ್ಕಿಂತ ಈ ಕ್ರಮವೇ ಮೇಲೆಂಬ ನಂಬಿಕೆಯೂ ಹರಡಿದೆ. ಈ ನಂಬಿಕೆಗೆ ಆಧಾರವೆಷ್ಟೆಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಈ ಜೀವಸತ್ವದ ಇತಿಹಾಸವನ್ನು ಸಂಕ್ಷೇಪವಾಗಿ ನೋಡಬಹುದು. ಮಾರಕ ಪಾಂಡುರೋಗಕ್ಕೆ ಯಕೃತ್ತಿನ ಆಹಾರ ಮದ್ದಾಗುವುದೆಂದು ಅಮೆರಿಕದ ಮೈನಾಟ್ ಮತ್ತು ಮರ್ಫಿ 1926ರಲ್ಲಿ ತೋರಿಸಿದರು. ಯಕೃತ್ತಿನಲ್ಲಿದ್ದ ಆ ವಸ್ತು ಕೆಂಪು ಹರಳಾಗಿ ಕೈಗೆ ಬಂದುದು 1948ರಲ್ಲಿ. ಅದೇ ಬಿ-12. ಕೋಬಾಲ್ಟ್ ಧಾತುವನ್ನು ಒಡಲಲ್ಲಿಟ್ಟುಕೊಂಡ ಅದರ ಜಟಿಲ ರಚನೆಯನ್ನು ಬಿಡಿಸಿದ ಡೊರೊತಿ ಹಾಜ್‌ಕಿನ್ ಅವರಿಗೆ 1964ರ ನೊಬೆಲ್ ಪಾರಿತೋಷಕ ಸಂದಿತು.

ದೇಹಕ್ಕೆ ಇದರ ಅಗತ್ಯ ಅತ್ಯಲ್ಪ. ವಯಸ್ಕರಿಗೆ ದಿನಕ್ಕೆ ಎರಡು, ಎರಡೂವರೆ ಮೈಕ್ರೋಗ್ರಾಂ ಸಾಕು. ಆದರೆ ಇದು ದೇಹವನ್ನು ಸೇರುವ ಬಗೆ ಮಾತ್ರ ವಿಚಿತ್ರವಾದುದು. ಜಠರದ ಗೋಡೆಯಿಂದ ಸ್ರವಿಸುವ 'ಆಂತರಿಕ ಘಟಕ'ವೆಂಬ ಪ್ರೋಟೀನು ಇದನ್ನು ಹಿಡಿದುಕೊಂಡು ಸಣ್ಣ ಕರುಳಿನ ಕೊನೆಯ ಭಾಗಕ್ಕೆ ಒಯ್ಯುತ್ತದೆ. ಹೀರಿಕೆ ನಡೆಯುವುದು ಅಲ್ಲಿ. ಈ ದಾರಿಯಲ್ಲಿ ಒಂದು ಹೊತ್ತಿಗೆ ಸಾಗಬಲ್ಲದ್ದು ಒಂದೂವರೆ, ಎರಡು ಮೈಕ್ರೋಗ್ರಾಂ ಮಾತ್ರ. ಆಂತರಿಕ ಘಟಕವೇ ಇಲ್ಲದವರಲ್ಲಿ ಈ ದಾರಿ ಮುಚ್ಚಿದಂತೆಯೇ ಸರಿ. ಅಂಥವರಿಗಾಗಿ ನಾಲಗೆಯ ಕೆಳಗಣ ದಾರಿಯನ್ನು ಆಶ್ರಯಿಸಬಾರದೇಕೆ ಎಂಬ ಆಲೋಚನೆ ಸಹಜವಾದುದೇ.

ಆದರೆ ಇಲ್ಲೊಂದು ತೊಡಕಿದೆ. ಬಿ-12ರ ಅಣು ನೈಟ್ರೋಗ್ಲಿಸರಿನ್ ಅಣುವಿಗಿಂತ ಸುಮಾರು ಆರು ಪಟ್ಟು ಭಾರವುಳ್ಳದ್ದು. ಬಾಯಿಯ ಪೊರೆಯನ್ನು ದಾಟುವುದು ಅದಕ್ಕೆ ಸುಲಭವಲ್ಲ. ಕರಗಿದ ಔಷಧದ ಬಹುಭಾಗವೂ ಉಗುಳಿನೊಡನೆ ಜಠರಕ್ಕೇ ಇಳಿಯುತ್ತದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕೊರತೆಯುಳ್ಳ ಕೆಲವರಿಗೆ 500 ಮೈಕ್ರೋಗ್ರಾಂ ನುಂಗಲು, ಇನ್ನು ಕೆಲವರಿಗೆ ಅಷ್ಟನ್ನೇ ನಾಲಗೆಯ ಕೆಳಗೆ ಕರಗಿಸಿಕೊಳ್ಳಲು ಕೊಡಲಾಯಿತು. ಇಬ್ಬರ ರಕ್ತದಲ್ಲಿಯೂ ಬಿ-12 ಹೆಚ್ಚಿತು; ಹೆಚ್ಚಳದಲ್ಲಿ ಗಣನೀಯ ಅಂತರ ಕಾಣಲಿಲ್ಲ.

ಹಾಗಾದರೆ ಗುಳಿಗೆ ಗುಣ ಕೊಡುವುದೇಕೆ? ಉತ್ತರವಿರುವುದು ಪ್ರಮಾಣದಲ್ಲಿ. ಆಂತರಿಕ ಘಟಕದ ಹಂಗಿಲ್ಲದೆಯೂ ಬಿ-12ರ ನೂರರಲ್ಲೊಂದು ಪಾಲಿನಷ್ಟು ಕರುಳಿನಿಂದ ತಾನಾಗಿ ರಕ್ತಕ್ಕೆ ಜಿನುಗುತ್ತದೆ. 1000 ಮೈಕ್ರೋಗ್ರಾಂ ಸೇವಿಸಿದರೆ ಹೀಗೆ ಹತ್ತರಷ್ಟು ದೊರೆತೀತು. ಅದು ದಿನದ ಅಗತ್ಯವನ್ನು ಮೀರಿದುದು. ಫಲದ ಕೀರ್ತಿ ಸಲ್ಲಬೇಕಾದುದು ನಾಲಗೆಗಲ್ಲ, ಪ್ರಮಾಣಕ್ಕೆ. ನುಂಗಲು ಕಷ್ಟಪಡುವವರಿಗೆ ಕರಗುವ ಗುಳಿಗೆ ಅನುಕೂಲವೆಂಬುದು ನಿಜ. ಅದರಾಚೆಗೆ ವಿಶೇಷವನ್ನು ನಿರೀಕ್ಷಿಸಬೇಕಾಗಿಲ್ಲ.

ನಮ್ಮಲ್ಲಿ ಶಾಕಾಹಾರಿಗಳು ಬಹಳ ಮಂದಿ ಇರುವುದರಿಂದ ಈ ವಿಷಯಕ್ಕೆ ಮಹತ್ವವಿದೆ. ಬಿ-12ನ್ನು ನಿರ್ಮಿಸುವುವು ಸೂಕ್ಷ್ಮಜೀವಿಗಳು. ಕಾಳು, ಸೊಪ್ಪು, ತರಕಾರಿಗಳಲ್ಲಿ ಅದಿಲ್ಲ; ಹುದುಗಿಸಿದ ಇಡ್ಲಿ ದೋಸೆಗಳನ್ನೂ ನಂಬುವಂತಿಲ್ಲ. ಹಾಲು ಮೊಸರುಗಳೇ ಆಧಾರ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಅನ್ನು ಬಹುಕಾಲ ಸೇವಿಸುವವರಲ್ಲಿಯೂ ಕೊರತೆ ಬರುವುದುಂಟು.

ಇದೇ ಕುಟುಂಬದ ಮತ್ತೊಂದು ಜೀವಸತ್ವದ ಕಥೆಗೆ ಮುಂಬಯಿಯ ನಂಟಿದೆ. 1928ರಲ್ಲಿ ಭಾರತಕ್ಕೆ ಬಂದ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ, ಈ ನಗರದ ಬಡ ಗರ್ಭಿಣಿಯರ ರಕ್ತಹೀನತೆ ಯೀಸ್ಟಿನ ಸಾರದಿಂದ ವಾಸಿಯಾಗುವುದನ್ನು ಕಂಡು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದುದು ಫೋಲೇಟ್ ಎಂದು ಮುಂದೆ ತಿಳಿಯಿತು. ಬಿ-12ರ ಕೊರತೆಯಿಂದ ಬಂದ ರಕ್ತಹೀನತೆಯನ್ನೂ ಫೋಲಿಕ್ ಆಮ್ಲ ಸರಿಪಡಿಸಬಲ್ಲದು. ಆದರೆ ನರಗಳ ಕ್ಷಯವನ್ನು ತಡೆಯಲಾರದು. ರಕ್ತ ಚೆನ್ನಾಗಿ ಕಾಣುತ್ತಿರುವಾಗಲೇ ನರಗಳು ಒಳಗೊಳಗೆ ಕೆಡಬಹುದು. ತಡವಾದರೆ ಆ ಹಾನಿ ಶಾಶ್ವತವಾಗಿ ಉಳಿಯುವ ಸಂಭವವುಂಟು.

ಆದ್ದರಿಂದ ಕೈಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು, ಮರೆವು ಹೆಚ್ಚುವುದು, ನಾಲಗೆ ಕೆಂಪಾಗಿ ನುಣುಪಾಗುವುದು — ಇಂಥ ಲಕ್ಷಣಗಳು ಕಂಡಾಗ ಯಾವ ಗುಳಿಗೆಯನ್ನೂ ತಾವಾಗಿ ಕೊಂಡು ಸೇವಿಸದೆ, ಮೊದಲು ರಕ್ತಪರೀಕ್ಷೆ ಮಾಡಿಸುವುದು ಯುಕ್ತ. ಗುಳಿಗೆ ಸೇವಿಸಿದ ಮೇಲೆ ರಕ್ತದ ಲೆಕ್ಕ ಬದಲಾಗಿ ರೋಗದ ಮೂಲ ಮಸುಕಾಗುತ್ತದೆ. ನರಗಳಿಗೆ ಘಾಸಿಯಾಗಿದ್ದರೆ ವೈದ್ಯರು ಸಾಮಾನ್ಯವಾಗಿ ಚುಚ್ಚುಮದ್ದಿನಿಂದಲೇ ಆರಂಭಿಸುತ್ತಾರೆ. ಗುಳಿಗೆಯನ್ನು ನುಂಗಬೇಕೋ ಕರಗಿಸಬೇಕೋ ಎಂಬುದು ಆಮೇಲಿನ ಪ್ರಶ್ನೆ.