ಗುರಿ ನಿಲ್ಲದ ಕೋವಿ

ಸ್ಕಾಟ್ಲೆಂಡಿನ ಕೇರ್ನ್‌ಗಾರ್ಮ್ಸ್ ಬೆಟ್ಟಸಾಲು, ಅಕ್ಟೋಬರ್. ಸೋನೆ ಹಿಡಿದದ್ದು ಬಿಟ್ಟಿಲ್ಲ. ಕಣಿವೆಯಾಚೆ ಬೆದೆಗೆ ಬಂದ ಗಂಡು ಕೆಂಪು ಜಿಂಕೆ ಗುಟುರು ಹಾಕುತ್ತಿದೆ. ಇಲ್ಲಿ ತೋಳ ಅಳಿದು ಶತಮಾನಗಳೇ ಆದವು. ಜಿಂಕೆಗಳನ್ನು ಮಿತಿಯಲ್ಲಿಡಲು ಈಗ ಉಳಿದಿರುವುದು ಕೋವಿ. ಅದೂ ಇಲ್ಲದಿದ್ದರೆ ಸ್ಕಾಟ್ಸ್ ಪೈನ್ ಸಸಿಗಳು ಮೊಣಕಾಲೆತ್ತರ ಏಳುವ ಮೊದಲೇ ಮೇವಾಗುತ್ತವೆ. ಆದರೆ ಪೆಟ್ಟು ಒಂದು ಗೇಣು ತಪ್ಪಿದರೂ ಜಿಂಕೆ ಗಾಯ ಹೊತ್ತು ಓಡಿ, ಎಲ್ಲೋ ನರಳಿ ಸಾಯುತ್ತದೆ. ಹೊಂದಿಸಿದ ಗುರಿ ನಿಲ್ಲದ ಕೋವಿಯನ್ನು ಬೆಟ್ಟಕ್ಕೆ ಒಯ್ಯುವುದು ಕ್ರೌರ್ಯ.

ಇಲ್ಲಿನ ಎಸ್ಟೇಟೊಂದರ ಬೇಟೆಗಾರರ ಕೋವಿ ಹೀಗೇ ಗುರಿ ತಪ್ಪುತ್ತಿತ್ತು. ಕಾರಣ ಹುಡುಕಲು ಅವರು 100 ಮೀಟರ್ ದೂರದಲ್ಲಿ ಕಾಗದ ನೆಟ್ಟು, ಮರಳಚೀಲದ ಮೇಲೆ ಕೋವಿ ಊರಿ ಹೊಡೆದರು. ಕೋವಿಯ ಮೇಲಿನ ಗುರಿ ದುರ್ಬೀನಿನಲ್ಲಿ, ಅಂದರೆ ಸ್ಕೋಪಿನಲ್ಲಿ, ಗುರಿ ಹೊಂದಿಸುವ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ ಅಷ್ಟು ದೂರದಲ್ಲಿ ಪೆಟ್ಟು 1 ಸೆಂಟಿಮೀಟರ್ ಸರಿಯುತ್ತದೆ. ಅದನ್ನವರು ಮುಟ್ಟಲೇ ಇಲ್ಲ. ತಪ್ಪಿದ ಪ್ರತಿ ಪೆಟ್ಟಿಗೂ ಕ್ಲಿಕ್ ತಿರುಗಿಸುವುದೆಂದರೆ ಪ್ರಾಣಿಯ ಹೆಜ್ಜೆಗುರುತಿನ ಮೇಲೆ ನಾವೇ ಓಡಾಡಿದ ಹಾಗೆ. ಆಮೇಲೆ ಓದಲು ಏನೂ ಉಳಿಯದು.

ಪೆಟ್ಟುಗಳು ದಿಕ್ಕಿಲ್ಲದೆ ಚದುರಿದ್ದರೆ ಸಡಿಲ ಸ್ಕ್ರೂವನ್ನೋ ಸ್ಕೋಪಿನೊಳಗಿನ ಸೋತ ಸ್ಪ್ರಿಂಗನ್ನೋ ಶಂಕಿಸಬೇಕು. ಇಲ್ಲಿ ಹಾಗಿರಲಿಲ್ಲ. ನಳಿಗೆ ಕಾದಂತೆಲ್ಲ ಪೆಟ್ಟು ಬಲಕ್ಕೇ, ಸಾಲಾಗಿ ಜಾರುತ್ತಿತ್ತು. ಸ್ಕೋಪನ್ನು ಹಿಡಿದಿರುವ ರಿಂಗಿಗೂ ಸ್ಕೋಪಿನ ಕೊಳವೆಗೂ ಸೇರಿಸಿ ಎಳೆದ ಬಣ್ಣದ ಗೆರೆ ಕದಲಿರಲಿಲ್ಲ. ಸ್ಕ್ರೂಗಳ ಎಣ್ಣೆ ಒರೆಸಿ, ಟಾರ್ಕ್ ರೆಂಚಿನಲ್ಲಿ ಅಳತೆಗೆ ಬಿಗಿದರು. ನಳಿಗೆ ತಣ್ಣಗಾಗುವವರೆಗೆ ಕಾದು ಮತ್ತೆ ಹೊಡೆದರೂ ಅದೇ ಜಾರು. ನಂಬಿಕೆಯ ಇನ್ನೊಂದು ಸ್ಕೋಪ್ ಕೂರಿಸಿದಾಗ ಅದೂ ಬಲಕ್ಕೇ ಜಾರಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದ್ದರಿಂದ ಸ್ಕೋಪು ನಿರಪರಾಧಿ ಎಂದು ಖಚಿತವಾಯಿತು.

ಕೊನೆಗೆ ನಳಿಗೆಗೂ ಕೆಳಗಿನ ಮರಕ್ಕೂ ನಡುವೆ ಕಾಗದದ ಪಟ್ಟಿ ತೂರಿಸಿ ಎಳೆದರು. ಮುಂತುದಿಯ ಬಳಿ, ಎಡಗಡೆ, ಅದು ಸಿಕ್ಕಿಕೊಂಡಿತು. ಅಕ್ರೋಟು ಮರ! ಕಡಿದು, ಕೆತ್ತಿ, ಹೊರಗೆಲ್ಲ ಎಣ್ಣೆ ಹಚ್ಚಿದರೂ ಅದರ ಜೀವಗುಣ ಹೋಗಿಲ್ಲ. ನಳಿಗೆ ಕೂರುವ ಒಳಗಾಲುವೆಗೆ ಎಣ್ಣೆ ತಾಗಿರಲಿಲ್ಲ. ಅಲ್ಲಿಂದ ಸೋನೆಯ ತೇವ ಕುಡಿದಿದೆ. ತೇವಕ್ಕೆ ಮರ ಉದ್ದಕ್ಕೆ ಬೆಳೆಯುವುದು ತೀರಾ ಕಡಿಮೆ, ಉಬ್ಬುವುದೆಲ್ಲ ಅಡ್ಡಕ್ಕೆ. ಉಬ್ಬಿದ ಅಂಚು ನಳಿಗೆಯನ್ನು ಬಲಕ್ಕೆ ತಳ್ಳುತ್ತಿತ್ತು.

ಬೆಂಕಿಯ ಬಳಿ ಇಟ್ಟರೆ ಸೀಳುತ್ತದೆಂದು ಮರವನ್ನು ನೆರಳಲ್ಲೇ ಒಣಗಿಸಿ, ಒಳಗಾಲುವೆಯನ್ನು ಉಜ್ಜಿ, ಎಣ್ಣೆ ಕುಡಿಸಿದರು. ಇನ್ನು ಕೆಲವು ಬೆಳಗು ಒಂದೊಂದೇ ಗುಂಡು, ಅದೇ ಕಾಗದಕ್ಕೆ. ಬೆಟ್ಟದಲ್ಲಿ ಜಿಂಕೆಗೆ ತಗಲುವುದು ತಣ್ಣನೆಯ ನಳಿಗೆಯ ಮೊದಲ ಗುಂಡೇ ಆದ್ದರಿಂದ ಅವರು ನೋಡಬೇಕಿರುವುದು ಅದೊಂದನ್ನೇ.