ಹಣೆಯ ಉಪ್ಪು

ಮಗುವಿನ ಹಣೆಗೆ ಮುತ್ತಿಟ್ಟಾಗ ತುಟಿಗೆ ಉಪ್ಪು ಹತ್ತಿದರೆ ಆ ಮಗು ಹೆಚ್ಚು ದಿನ ಬಾಳುವುದಿಲ್ಲ ಎಂಬ ನಂಬಿಕೆ ಯುರೋಪಿನ ಹಳ್ಳಿಗಳಲ್ಲಿ ಶತಮಾನಗಳ ಕಾಲ ಇತ್ತು. ಮಾಟ ತಗುಲಿದೆ ಎನ್ನುತ್ತಿದ್ದರು. ಹೇಳಿದ ಕಾರಣ ತಪ್ಪು, ಗಮನಿಸಿದ್ದು ಮಾತ್ರ ನಿಜ. ಆ ಮಕ್ಕಳಲ್ಲಿ ಹಲವರಿಗೆ ಇದ್ದದ್ದು ನಾವು ಇಂದು ಸಿಸ್ಟಿಕ್ ಫೈಬ್ರೋಸಿಸ್ ಎಂದು ಕರೆಯುವ ಹುಟ್ಟುಕಾಯಿಲೆಯೇ ಇರಬೇಕು. ಕೆಮ್ಮು ಬಿಡದ, ಎಷ್ಟು ತಿಂದರೂ ಮೈ ಹತ್ತದ, ಮಲ ಎಣ್ಣೆಯಂತೆ ಜಿಡ್ಡಾಗಿ ಹೋಗುವ ಮಕ್ಕಳು ಅವರು.

ಕಾಯಿಲೆಗೆ ಹೆಸರು ಬಂದದ್ದು 1938ರಲ್ಲಿ. ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಶವಪರೀಕ್ಷೆ ಮಾಡುತ್ತಿದ್ದ ಡೊರೊಥಿ ಆಂಡರ್ಸನ್ ಎಂಬ ವೈದ್ಯೆ, ಬೇರೆ ಯಾವುದೋ ಹೊಟ್ಟೆಯ ಕಾಯಿಲೆಯಿಂದ ಸತ್ತಿತೆಂದು ಬರೆದಿದ್ದ ಮಗುವಿನ ಮೇದೋಜೀರಕ ಗ್ರಂಥಿಯನ್ನು ಕೊಯ್ದು ನೋಡಿದರು. ಒಳಗೆಲ್ಲ ಸಣ್ಣ ಸಣ್ಣ ನೀರ್ಗುಳ್ಳೆಗಳು, ಸುತ್ತ ನಾರುಗಟ್ಟಿದ ಮಾಂಸ. ಹಳೆಯ ಕಡತಗಳನ್ನು ತೆಗೆದು ಅಂಥದ್ದೇ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಇದು ಬೇರೆಯೇ ಕಾಯಿಲೆ ಎಂದು ತೋರಿಸಿಕೊಟ್ಟರು. ಕಂಡದ್ದನ್ನೇ ಹೆಸರಾಗಿಟ್ಟರು: ನೀರ್ಗುಳ್ಳೆಗೆ ಸಿಸ್ಟಿಕ್, ನಾರಿಗೆ ಫೈಬ್ರೋಸಿಸ್. ಅದಕ್ಕೇ ಮುಖ್ಯವಾಗಿ ಶ್ವಾಸಕೋಶವನ್ನು ತಿನ್ನುವ ಕಾಯಿಲೆಯ ಹೆಸರಿನಲ್ಲಿ ಶ್ವಾಸಕೋಶದ ಸುಳಿವೇ ಇಲ್ಲ.

ಉಪ್ಪಿನ ಗುಟ್ಟು ಹೊರಬಿದ್ದದ್ದು ಹತ್ತು ವರ್ಷಗಳ ಮೇಲೆ, 1948ರ ಬೇಸಿಗೆಯಲ್ಲಿ. ನ್ಯೂಯಾರ್ಕಿನಲ್ಲಿ ಆ ವರ್ಷ ಬಿಸಿಲು ವಿಪರೀತ. ಝಳಕ್ಕೆ ಬಸವಳಿದು ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇದ್ದವರೇ ಲೆಕ್ಕಕ್ಕಿಂತ ಹೆಚ್ಚು. ಅವರೇ ಯಾಕೆ? ಈ ಪ್ರಶ್ನೆಯನ್ನು ಬಿಡದೆ ಹಿಡಿದವರು ಪಾಲ್ ಡಿ ಸ್ಯಾಂಟ್ಆನ್ಯೇಸಿ ಎಂಬ ವೈದ್ಯರು. ಮಕ್ಕಳ ಬೆವರನ್ನು ಸಂಗ್ರಹಿಸಿ ಅಳೆದು, ಅದರಲ್ಲಿ ಉಪ್ಪು ಹಲವು ಪಟ್ಟು ಹೆಚ್ಚಿದೆ ಎಂದು 1953ರಲ್ಲಿ ಪ್ರಕಟಿಸಿದರು. ಮಕ್ಕಳ ಮೈಯ ಉಪ್ಪೆಲ್ಲ ಬೆವರಿನಲ್ಲಿ ಹರಿದುಹೋಗುತ್ತಿತ್ತು. ಅಜ್ಜಿಯರು ತುಟಿಯಿಂದ ಅರಿತದ್ದನ್ನು ಪ್ರಯೋಗಾಲಯ ಅಂಕಿಯಲ್ಲಿ ಬರೆಯಿತು.

ಬೆವರಿನ ಉಪ್ಪಿಗೂ ಎದೆಯ ಕಫಕ್ಕೂ ಏನು ಸಂಬಂಧ? ಇದಕ್ಕೆ ನಮ್ಮ ಕೆರೆಯ ತೂಬನ್ನು ನೆನೆಯಬೇಕು. ಜೀವಕೋಶದ ಹೊರಪೊರೆಯಲ್ಲಿ ಉಪ್ಪಿನ ಅಂಶವಾದ ಕ್ಲೋರೈಡ್ ಹಾದುಹೋಗಲು ಪ್ರೊಟೀನಿನಿಂದಾದ ಒಂದು ತೂಬಿದೆ. ಉಪ್ಪು ಹೋದ ಕಡೆಗೆ ನೀರೂ ಹೋಗುತ್ತದೆ. ಉಸಿರುನಾಳದಲ್ಲಿ ಈ ತೂಬು ತೆರೆದು ಕ್ಲೋರೈಡನ್ನು ಹೊರಬಿಟ್ಟಾಗ ಹಿಂದೆಯೇ ನೀರು ಜಿನುಗಿ ನಾಳದ ಒಳಗೋಡೆ ಒದ್ದೆಯಾಗಿರುತ್ತದೆ. ಆ ಒದ್ದೆಯಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ರೋಮಗಳು ಭತ್ತದ ಪೈರಿನಂತೆ ಒಂದೇ ದಿಕ್ಕಿಗೆ ಬಾಗಿ ಏಳುತ್ತ, ಧೂಳು, ರೋಗಾಣುಗಳನ್ನು ಹೊತ್ತ ಲೋಳೆಯನ್ನು ಗಂಟಲ ಕಡೆಗೆ ತಳ್ಳುತ್ತಿರುತ್ತವೆ. ತೂಬು ಕೆಟ್ಟರೆ ನೀರಿಲ್ಲ. ಲೋಳೆ ಅಂಟಾಗಿ ನಿಲ್ಲುತ್ತದೆ, ರೋಮಗಳು ಅದರಡಿ ಸಿಕ್ಕಿಕೊಳ್ಳುತ್ತವೆ. ನಿಂತ ಕಫದಲ್ಲಿ ಸ್ಯೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾಗಳು ಮನೆ ಮಾಡುತ್ತವೆ. ದೇಹ ಅವುಗಳ ಮೇಲೆ ಹೂಡುವ ಯುದ್ಧವೇ ವರ್ಷಗಟ್ಟಲೆ ನಡೆದು ನಾಳದ ಗೋಡೆಯನ್ನು ಹಿಗ್ಗಿಸಿ ಹಾಳುಮಾಡುತ್ತದೆ. ಮೇದೋಜೀರಕ ಗ್ರಂಥಿಯಲ್ಲೂ ಇದೇ ಕತೆ. ರಸ ಗಟ್ಟಿಯಾಗಿ ನಾಳ ಕಟ್ಟಿಕೊಂಡು, ಜೀರ್ಣಿಸುವ ಕಿಣ್ವ ಕರುಳಿಗೆ ತಲುಪುವುದೇ ಇಲ್ಲ. ಬೆವರುಗ್ರಂಥಿಯಲ್ಲಿ ಮಾತ್ರ ತೂಬಿನ ಕೆಲಸ ತಿರುವುಮುರುವು. ಉಪ್ಪಾಗಿ ಹುಟ್ಟುವ ಬೆವರು ಚರ್ಮಕ್ಕೆ ಬರುವ ಮುನ್ನ ಅದರ ಉಪ್ಪನ್ನು ಮೈಗೆ ಹಿಂದಕ್ಕೆ ಎಳೆದುಕೊಳ್ಳುವುದು ಅಲ್ಲಿ ಅದರ ಕೆಲಸ. ಕೆಟ್ಟಾಗ ಉಪ್ಪು ಹಾಗೇ ಹಣೆಗೆ ಬರುತ್ತದೆ.

ದೋಷ ಕ್ಲೋರೈಡಿನ ದಾರಿಯಲ್ಲಿದೆ ಎಂದು 1983ರಲ್ಲಿ ಕಂಡುಕೊಂಡ ವಿಜ್ಞಾನಿ ಪಾಲ್ ಕ್ವಿಂಟನ್ ಅವರಿಗೂ ಇದೇ ಕಾಯಿಲೆ ಇತ್ತು. ತಮ್ಮ ಮೈಯೊಳಗಿನ ಪ್ರಶ್ನೆಗೆ ಬೆವರಿನ ನಾಳದಲ್ಲಿ ಉತ್ತರ ಹುಡುಕಿದ ಆ ಮನುಷ್ಯನನ್ನು ನೆನೆದರೆ ನನಗೆ ಎದೆ ತುಂಬಿ ಬರುತ್ತದೆ. 1989ರಲ್ಲಿ ಟೊರೊಂಟೊದ ಲ್ಯಾಪ್-ಚೀ ತ್ಸುಯಿ, ಜಾಕ್ ರಿಯೋರ್ಡನ್ ಮತ್ತು ಮಿಷಿಗನ್ನಿನ ಫ್ರಾನ್ಸಿಸ್ ಕಾಲಿನ್ಸ್ ಅವರ ತಂಡಗಳು ಏಳನೆಯ ವರ್ಣತಂತುವಿನಲ್ಲಿ ಈ ತೂಬಿನ ವಂಶವಾಹಿಯನ್ನು ಗುರುತಿಸಿದವು. 1480 ಅಮೈನೊ ಆಮ್ಲಗಳ ಸರಪಳಿಯಲ್ಲಿ 508ನೆಯ ಸ್ಥಾನದ ಒಂದೇ ಒಂದು ಕೊಂಡಿ ಬಿಟ್ಟುಹೋಗಿರುವುದು ಪಾಶ್ಚಾತ್ಯ ರೋಗಿಗಳಲ್ಲಿ ಅತಿ ಹೆಚ್ಚಾಗಿ ಕಾಣುವ ದೋಷ. ಅದಕ್ಕೆ ಎಫ್508ಡೆಲ್ ಎಂದು ಹೆಸರು.

ವಂಶವಾಹಿ ಸಿಕ್ಕಿತಲ್ಲ, ಇನ್ನೇನು ಮದ್ದು ಸಿಕ್ಕಂತೆಯೇ ಎಂದು ಅಂದು ಅನೇಕರು ನಂಬಿದ್ದರು. ಇಪ್ಪತ್ತಮೂರು ವರ್ಷ ಕಾಯಬೇಕಾಯಿತು. ಕೆಲವರಲ್ಲಿ ತೂಬು ತನ್ನ ಜಾಗದಲ್ಲೇ ಇರುತ್ತದೆ, ಆದರೆ ತೆರೆಯುವುದಿಲ್ಲ. ಅದನ್ನು ತೆರೆಸುವ ಐವಾಕಾಫ್ಟರ್ ಎಂಬ ಮಾತ್ರೆ 2012ರಲ್ಲಿ ಬಂತು. ಎಫ್508ಡೆಲ್ ಇದ್ದವರ ಪಾಡು ಬೇರೆ. ಅವರಲ್ಲಿ ತೂಬು ಸೊಟ್ಟಗೆ ಮಡಚಿಕೊಳ್ಳುತ್ತದೆ. ಜೀವಕೋಶವೇ ಅದನ್ನು ಕೆಟ್ಟ ಸರಕೆಂದು ತಿಳಿದು ಏರಿಯಂತಿರುವ ಹೊರಪೊರೆಯವರೆಗೂ ಹೋಗಗೊಡದೆ ಒಳಗೇ ಒಡೆದುಹಾಕುತ್ತದೆ. ಮಡಿಕೆ ಸರಿಪಡಿಸಿ ಏರಿಗೆ ಮುಟ್ಟಿಸುವ ಎರಡು ಮದ್ದು, ಮುಟ್ಟಿದ ಮೇಲೆ ತೆರೆಸುವ ಐವಾಕಾಫ್ಟರ್, ಹೀಗೆ ಮೂರನ್ನು ಕೂಡಿಸಿದ ಟ್ರೈಕಾಫ್ಟಕ್ಕೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಎಷ್ಟೋ ಜನಕ್ಕೆ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಕಫ ಕಿತ್ತುಕೊಂಡು ಬಂತು. ಬೆವರಿನ ಉಪ್ಪೂ ಇಳಿಯಿತು. 1950ರ ದಶಕದಲ್ಲಿ ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಈ ಮಕ್ಕಳ ನಿರೀಕ್ಷಿತ ಆಯುಷ್ಯ ಅಮೆರಿಕದಲ್ಲಿ ಈಗ 60 ದಾಟಿದೆ.

ಆ ಆಯುಷ್ಯವನ್ನು ಮಾತ್ರೆಯೊಂದೇ ಕೊಟ್ಟದ್ದಲ್ಲ. ಅದು ಬರುವ ಮುಂಚಿನ ದಶಕಗಳಲ್ಲಿ ತಾಯಂದಿರು ದಿನಕ್ಕೆರಡು ಸಲ ಮಗುವನ್ನು ಮಡಿಲಲ್ಲಿ ಓರೆಯಾಗಿ ಮಲಗಿಸಿ, ಅಂಗೈ ಬೊಗಸೆಯಂತೆ ಮಾಡಿ ಬೆನ್ನು ತಟ್ಟಿ ಕಫ ಇಳಿಸಿದರು. ಪ್ರತಿ ಊಟದ ಜೊತೆಗೂ ಕಿಣ್ವದ ಗುಳಿಗೆ ಕೊಟ್ಟರು. ಗಟ್ಟಿ ಉಪ್ಪುನೀರನ್ನು ನೆಬ್ಯುಲೈಜರಿನಲ್ಲಿ ಮಂಜಿನಂತೆ ಮಾಡಿ ಎಳೆದುಕೊಂಡರೆ ಕಫ ಸಡಿಲವಾಗುತ್ತದೆ. ಕಡಲ ಅಲೆಗಳಲ್ಲಿ ಸರ್ಫಿಂಗ್ ಮಾಡುತ್ತಿದ್ದ ಆಸ್ಟ್ರೇಲಿಯದ ರೋಗಿಗಳು ಉಳಿದವರಿಗಿಂತ ಚೆನ್ನಾಗಿರುವುದನ್ನು ಗಮನಿಸಿದ್ದು ಈ ಚಿಕಿತ್ಸೆಗೆ ಬಲ ಕೊಟ್ಟಿತು. ಮತ್ತೆ ಉಪ್ಪು, ಈ ಸಲ ಔಷಧಿಯಾಗಿ.

ಇದೇ ಆರೈಕೆ ನಮ್ಮಲ್ಲಿ ಇನ್ನೂ ಬಹಳ ಜನಕ್ಕೆ ಬೇಕು. ಉಸಿರುನಾಳ ಹಿಗ್ಗಿ ಕಫ ನಿಲ್ಲುವ ಬ್ರಾಂಕಿಯೆಕ್ಟಾಸಿಸ್‌ಗೆ ಭಾರತದಲ್ಲಿ ಅತಿ ಹೆಚ್ಚು ಕಂಡುಬರುವ ಕಾರಣ ಹಿಂದೆ ಬಂದುಹೋದ ಕ್ಷಯ ಎಂದು 2195 ರೋಗಿಗಳ ದಾಖಲೆ ನೋಡಿದ ಅಧ್ಯಯನವೊಂದು 2019ರಲ್ಲಿ ತೋರಿಸಿತು. ಕ್ಷಯದ ಮಾತ್ರೆ ಮುಗಿಸಿ ಗುಣವಾಯಿತೆಂದು ಮನೆಗೆ ಹೋದ ಎಷ್ಟೋ ಜನರಿಗೆ ಕಫ ಇಳಿಸುವ ಕ್ರಮವನ್ನು ಯಾರೂ ಕಲಿಸಿರುವುದಿಲ್ಲ. ದುಡ್ಡಿಲ್ಲದೆ ಕಲಿಸಬಹುದಾದ ಇದನ್ನು ಕಲಿಸದಿರುವುದು ನನಗೆ ದೊಡ್ಡ ಅನ್ಯಾಯವಾಗಿ ಕಾಣುತ್ತದೆ. ಬೀಡಿ, ಸಿಗರೇಟಿನ ಹೊಗೆಯಂತೂ ಹುಟ್ಟಿನಿಂದ ಸರಿಯಾಗಿರುವ ತೂಬನ್ನೂ ಮಂಕಾಗಿಸುತ್ತದೆ.

ಸಿಸ್ಟಿಕ್ ಫೈಬ್ರೋಸಿಸ್ ಬಿಳಿಯರ ಕಾಯಿಲೆ, ನಮಗೆ ಬರುವುದಿಲ್ಲ ಎಂಬ ಮಾತು ವೈದ್ಯರಲ್ಲೇ ಬಹಳ ಕಾಲ ಇತ್ತು. ಬರುತ್ತದೆ. ತಂದೆ ತಾಯಿ ಇಬ್ಬರಲ್ಲೂ ಕೆಟ್ಟ ವಂಶವಾಹಿಯ ಒಂದೊಂದು ಪ್ರತಿ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಂಭವ. ಇಬ್ಬರಿಗೂ ಏನೂ ತೊಂದರೆ ಇರುವುದಿಲ್ಲವಾದ್ದರಿಂದ ಮೊದಲೇ ತಿಳಿಯುವುದೂ ಇಲ್ಲ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವ ನಮ್ಮ ಮನೆತನಗಳಲ್ಲಿ ಒಂದೇ ಅಜ್ಜನ ವಂಶವಾಹಿ ಎರಡೂ ಕಡೆಯಿಂದ ಮಗುವಿಗೆ ಬಂದು ಕೂಡುವ ಸಾಧ್ಯತೆ ಹೆಚ್ಚು. ಹೀಗಿದ್ದೂ ಕೆಮ್ಮುವ ಮಗುವಿಗೆ ನ್ಯುಮೋನಿಯಾ, ಅಸ್ತಮಾ, ಪ್ರೈಮರಿ ಕಾಂಪ್ಲೆಕ್ಸ್ (ಮಕ್ಕಳ ಕ್ಷಯ) ಎಂದು ಒಂದೊಂದೇ ಹೆಸರು ಹೇಳುತ್ತ ವರ್ಷಗಳು ಹೋಗುತ್ತವೆ.

ಟ್ರೈಕಾಫ್ಟ ಬಿಡುಗಡೆಯಾದಾಗ ಅದರ ಬೆಲೆ ವರ್ಷಕ್ಕೆ 3 ಲಕ್ಷ ಡಾಲರಿಗೂ ಹೆಚ್ಚು. ತಯಾರಿಸಲು 6 ಸಾವಿರ ಡಾಲರೂ ಬೇಡ ಎಂದು ಬ್ರಿಟನ್ನಿನ ಸಂಶೋಧಕರು ಅಂದಾಜು ಮಾಡಿದ್ದಾರೆ. ಭಾರತೀಯ ಮಕ್ಕಳಲ್ಲಿ ಎಫ್508ಡೆಲ್ ಪಾಲು ಕಡಿಮೆ, ಬೇರೆ ಬೇರೆ ದೋಷಗಳು ಹೆಚ್ಚು. ಹಾಗಾಗಿ ಮದ್ದು ಕೈಗೆಟುಕಿದರೂ ಎಲ್ಲರಿಗೂ ಹಿಡಿಸುವುದಿಲ್ಲ. ಯಾವ ಮಗುವಿಗೆ ಯಾವ ದೋಷ ಎಂದು ನೋಡಿಯೇ ಕೊಡಬೇಕು.

ಗುರುತಿಸುವುದಕ್ಕೆ ಮಾತ್ರ ಅಷ್ಟು ದುಡ್ಡು ಬೇಡ. ಮುಂಗೈಗೆ ಪೈಲೊಕಾರ್ಪಿನ್ ಎಂಬ ಮದ್ದು ಸವರಿ, ನೋವಾಗದಷ್ಟು ಸಣ್ಣ ವಿದ್ಯುತ್ ಹರಿಸಿ ಬೆವರು ತರಿಸುತ್ತಾರೆ. ಅರ್ಧ ಗಂಟೆ ಬೆವರು ಸಂಗ್ರಹಿಸಿ ಕ್ಲೋರೈಡ್ ಅಳೆಯುತ್ತಾರೆ. ಲೀಟರಿಗೆ 60 ಮಿಲಿಮೋಲ್ ಮುಟ್ಟಿದರೆ ಸಿಸ್ಟಿಕ್ ಫೈಬ್ರೋಸಿಸ್ ಇರುವುದು ಬಹುಮಟ್ಟಿಗೆ ಖಚಿತ, 30ಕ್ಕಿಂತ ಕಡಿಮೆಯಿದ್ದರೆ ಇರುವ ಸಂಭವ ತೀರ ಕಡಿಮೆ. ದೆಹಲಿಯ ಏಮ್ಸ್, ವೆಲ್ಲೂರಿನ ಸಿಎಂಸಿಯಂಥ ಕಡೆ ಈ ಪರೀಕ್ಷೆ ಉಂಟು. ಎದೆಯ ಸೋಂಕು ಮರುಕಳಿಸುತ್ತ ತೂಕ ಏರದ ಮಗುವಿನ ಅಪ್ಪ ಅಮ್ಮ ಇದನ್ನು ಕೇಳಿ ಮಾಡಿಸಬೇಕು. ಮೈ ಉಪ್ಪಾಗಿರುವುದು ಮನೆಯಲ್ಲಿ ಗೊತ್ತಾಗಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.

ಕಾಯಿಲೆ ಇದೆಯೆಂದಾದರೆ ನಮ್ಮ ಬಿಸಿಲಿಗೆ ಮೊದಲು ಮಾಡಬೇಕಾದದ್ದು ಅಡುಗೆಮನೆಯಲ್ಲಿದೆ. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳ ಸೆಕೆ 1948ರ ನ್ಯೂಯಾರ್ಕಿಗೆ ಏನೂ ಕಡಿಮೆಯಲ್ಲ. ವೈದ್ಯರು ಗೊತ್ತುಮಾಡಿದ ಅಳತೆಯಲ್ಲಿ ಆ ಮಗುವಿನ ಗಂಜಿಗೆ, ಮಜ್ಜಿಗೆಗೆ, ಅನ್ನಕ್ಕೆ ಉಳಿದವರಿಗಿಂತ ಹೆಚ್ಚು ಉಪ್ಪು ಬೀಳಬೇಕು.